ಕೂಗದೆ ನಿಂತವನು

ಉಜ್ಜಿನಿ ಕಡೆಯ ಮೊದಲ ಬಸ್ಸಿನಿಂದ ಹೊಲದ ದಾರಿಗೆ ಇಳಿದಾಗ ಮೈಲಾರೇಶನ ಕಣ್ಣಿಗೆ ಮೊದಲು ಬಿದ್ದದ್ದು ಕಡಲೆ ಬೆಳೆಯ ಮೇಲೆ ಮೊಳದೆತ್ತರದಲ್ಲಿ ತೇಲುತ್ತಿದ್ದ ಬೂದು ಗಿಡುಗ. ಈಗ ನೋಡಬಾರದು ಅಂದುಕೊಂಡ, ನೋಡಿಯೇಬಿಟ್ಟ. ಅತ್ತ ಹಳ್ಳದ ದಂಡೆಯ ಕುರಿಹಟ್ಟಿಯಲ್ಲಿ ಅವನ ಅಣ್ಣ ಉಚ್ಚಂಗೆಪ್ಪ, ಹಟ್ಟಿಯ ಕಾವಲು ನಾಯಿ ಕೆಂಚನ ಕೊರಳಿಗೆ ಕಲ್ಲು ಕಟ್ಟಿ ಹಾಳುಬಾವಿಗೆ ಹಾಕಲು ಬಿಸಿಲೇರುವುದನ್ನೇ ಕಾಯುತ್ತಿದ್ದಾನೆ. ಕೆಂಚ ಏನೂ ತಪ್ಪು ಮಾಡಿಲ್ಲ. ಮಾಡಿಲ್ಲವೆಂದು ಬಲ್ಲವನು ಈ ಭೂಮಿಯ ಮೇಲೆ ತಾನೊಬ್ಬನೇ. ಆ ಮಾತು ಹೇಳಲೆಂದೇ ಮಂಗಳವಾರ ರಜಾ ಹಾಕಿ, ಮುಖಕ್ಕೆ ನೀರು ಕೂಡ ಹಾಕಿಕೊಳ್ಳದೆ ಓಡಿ ಬಂದಿದ್ದಾನೆ. ಬಂದವನು ರಸ್ತೆ ಬದಿಯಲ್ಲಿ ಹೂತಿಟ್ಟ ಕಂಬದಂತೆ ನಿಂತಿದ್ದಾನೆ. ಗಿಡುಗ ಎರಡು ಸಲ ರೆಕ್ಕೆ ಬಡಿದು, ಆಮೇಲೆ ಬಡಿಯದೆ, ಸಾಲಿನ ಗುಂಟ ಹೋಯಿತು. ಬದು ಬಂದೊಡನೆ ಒಂದು ಮಗ್ಗುಲಿಗೆ ವಾಲಿ, ಕುಂಟೆ ಹೊಡೆಯುವವನು ಎತ್ತು ತಿರುಗಿಸಿದ ಹಾಗೆ ತಿರುಗಿ, ಪಕ್ಕದ ಸಾಲು ಹಿಡಿಯಿತು. ರೆಕ್ಕೆಯ ತುದಿ ಮಾತ್ರ ಕಡುಕಪ್ಪು. ಹಿಮ ಬೀಳುವ ಯಾವುದೋ ದೇಶದ ಹುಲ್ಲುಗಾವಲಿನಿಂದ ಇದು ಇಷ್ಟು ದೂರ ಹಾರಿ ಬರುತ್ತದೆಂದು ಅವನು ಪುಸ್ತಕದಲ್ಲಿ ಓದಿದ್ದ. ಎಲ್ಲಿಗೆ ಅಂದರೆ, ಅಪ್ಪ ಸತ್ತ ಮೇಲೂ ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳದೆ ಉಳಿಸಿಕೊಂಡ ಈ ಐದೆಕರೆಗೆ, ಇಲ್ಲಿಯ ಮಿಡತೆಗೆ, ಕಾಯಿಕೊರಕ ಹುಳಕ್ಕೆ. ಎಲಾ ಇದರ, ಎಂದು ಪ್ರತಿ ಸಲದಂತೆ ಎದೆ ತುಂಬಿ ಬಂತು. ತುಂಬಿದ ಮರುಗಳಿಗೆಗೇ ನಾಚಿಕೆಯಾಯಿತು, ಹೆಜ್ಜೆ ಕಿತ್ತಿಟ್ಟ.

ಅಣ್ಣನ ಫೋನು ಬಂದದ್ದು ಸೋಮವಾರ ಮಧ್ಯಾಹ್ನ, ಅವನು ಕೊಟ್ಟೂರಿನಲ್ಲಿ ತಾನು ಕೆಲಸ ಮಾಡುವ ಕಾಲೇಜಿನ ಲೈಬ್ರರಿಯಲ್ಲಿ ಕೂತು ಹೊಸ ಪುಸ್ತಕಗಳ ಬೆನ್ನಿಗೆ ನಂಬರಿನ ಚೀಟಿ ಅಂಟಿಸುತ್ತಿದ್ದಾಗ. "ನಾಳಿ ಮುಂಜಾನಿ ಕೆಂಚನ್ನ ಬಾವಿಗೆ ಹಾಕೋದೈತಿ. ನೀ ಬರಂಗಿದ್ರ ಬಾ." ಅಷ್ಟೇ, ಇವನು ಹೂಂ ಅನ್ನುವ ಮೊದಲೇ ಕಟ್ಟಾಯಿತು. ಕುರಿಯ ನೆತ್ತರು ನೆಕ್ಕಿದ ನಾಯಿಯನ್ನು ಹಟ್ಟಿಯಲ್ಲಿ ಇಟ್ಟುಕೊಳ್ಳಬಾರದು, ಒಮ್ಮೆ ರುಚಿ ಹತ್ತಿದರೆ ಕಾಯುವ ನಾಯಿಯೇ ತಿನ್ನುವ ನಾಯಿಯಾಗುತ್ತದೆ. ಇದು ಅವರ ಮನೆತನದಲ್ಲಿ ಯಾರೂ ಬರೆದಿಡದ, ಯಾರೂ ಮೀರದ ಕಟ್ಟಳೆ. ಅಪ್ಪ ಒಮ್ಮೆ ಅಂಥ ನಾಯಿಯೊಂದನ್ನು ಬಾವಿಗೆ ಹಾಕಿದ್ದರು. ಬಾವಿಯಿಂದ ಬಂದು ಕೈ ತೊಳೆದು, ಸಂಜೆ ಉಣ್ಣುವಾಗ ರೊಟ್ಟಿ ಮುರಿದು ಅರ್ಧವನ್ನು ರೂಢಿಯಂತೆ ನಾಯಿ ಕೂರುವ ಕಡೆ ಎಸೆದಿದ್ದರು. ಎಸೆದ ರೊಟ್ಟಿ ಬಿದ್ದಲ್ಲೇ ಬಿದ್ದಿತ್ತು. ಅಪ್ಪ ಅದನ್ನೇ ನೋಡುತ್ತ ತಟ್ಟೆಯಲ್ಲಿ ಕೈ ತೊಳೆದುಕೊಂಡಿದ್ದರು. ಲೈಬ್ರರಿಯಲ್ಲಿ ಮೈಲಾರೇಶನ ಕೈಯ ಚೀಟಿ ಅಡ್ಡಾದಿಡ್ಡಿ ಅಂಟಿತ್ತು. ಕಿತ್ತು ಅಂಟಿಸಿದ, ಮತ್ತೆ ಅಡ್ಡ. ಸಂಜೆ ಮನೆಯಲ್ಲಿ, ನಾಳೆ ರಜಾ ಹಾಕುತ್ತೇನೆ ಎಂದಾಗ ಹೆಂಡತಿ ಗಂಗಾಂಬಿಕಾ ತಲೆಯೆತ್ತಿದಳು. "ನಾಯಿ ಸಾಯ್ತೈತಿ ಅಂತ ಸಿ.ಎಲ್. ಹಾಕ್ತೀರೇನ್ರಿ? ನಮ್ಮವ್ವಗ ಕಣ್ಣು ಆಪರೇಷನ್ ಆದಾಗ ರಜಾ ಇಲ್ಲ ಅಂದಿದ್ರಿ." ಅವಳಿಗೆ ಹೇಳಿಬಿಡಬಹುದಿತ್ತು. ಹೇಳಲು ಬಾಯಿ ತೆರೆದದ್ದೂ ಹೌದು. ಆದರೆ ಏನೆಂದು ಹೇಳುವುದು? ಕುರಿ ಹಿಡಿದದ್ದು ನಾಯಿಯಲ್ಲ, ತೋಳ ಅನ್ನಬಹುದು. ಆಗ ನೀವೇನು ಮಾಡುತ್ತಿದ್ದಿರಿ ಎಂದು ಅವಳು ಕೇಳುತ್ತಾಳೆ. ಯಾರಾದರೂ ಕೇಳುತ್ತಾರೆ.

ಊರಿನಲ್ಲಿ ಅವನಿಗೆ ದುರ್ಬೀನ್ ಮೈಲಾರಿ ಎಂದು ಹೆಸರು. ಎಂಟು ವರ್ಷದ ಹಿಂದೆ ಲೈಬ್ರರಿಯ ಕಪಾಟಿನಲ್ಲಿ ರಟ್ಟು ಹೋದ ಹಕ್ಕಿಗಳ ಪುಸ್ತಕವೊಂದು ಸಿಕ್ಕಿ, ಅದರಲ್ಲಿ ತಮ್ಮ ಹೊಲದ ಗೌಜಲಹಕ್ಕಿಯ ಚಿತ್ರ ಕಂಡು, ಅಯ್ಯೋ ಇದು ನಮ್ಮದು ಎಂದು ಅವನಿಗಾದ ಸಂತೋಷ ಯಾರಿಗೂ ಹೇಳಿಕೊಳ್ಳುವಂಥದಲ್ಲ. ಹೊಸಪೇಟೆಗೆ ಹೋಗಿ ದುರ್ಬೀನು ತಂದ. ಭಾನುವಾರ ಭಾನುವಾರ ಹೊಲಕ್ಕೆ ಬಂದು, ಅಣ್ಣ ಬೆವರು ಸುರಿಸುವ ಅದೇ ಹೊಲದಲ್ಲಿ, ಬದುವಿನ ಮೇಲೆ ಕೂತು ನೋಡಿದ. ಕಳೆ ಕೀಳಲು ಬಂದ ಹೆಂಗಸರು ನಕ್ಕರು. "ಏ ಸರ, ನಮ್ಮನ್ನ ನೋಡ್ತೀರೋ ಹಕ್ಕಿ ನೋಡ್ತೀರೋ?" ಎಂದು ಒಬ್ಬಳು ಕೇಳಿದಾಗ ಕಿವಿ ಕೆಂಪಾಗಿ ಎದ್ದು ಹಳ್ಳದ ಕಡೆ ಹೋಗಿದ್ದ. ಕಾಲೇಜಿನಲ್ಲಿ ಇನ್ನೊಂದು ಬಗೆ. ಅಲ್ಲಿ ಅವನು ಕುರಿಯವರ ಹುಡುಗ; ಹಬ್ಬ ಬಂದರೆ ಹೆಡ್ ಕ್ಲರ್ಕು ಬೆನಕಪ್ಪನವರು ಎಲ್ಲರೆದುರಿಗೆ "ಮೈಲಾರೇಶಪ್ಪಾ, ಎಳೇದು ಒಂದು ನೋಡಪ್ಪ" ಎನ್ನುತ್ತಿದ್ದರು, ಇವನು ಬಗಲಲ್ಲಿ ಎಳೆಯ ಕುರಿ ಇಟ್ಟುಕೊಂಡೇ ಆಫೀಸಿಗೆ ಬರುವವನ ಹಾಗೆ. ಹಟ್ಟಿಯಲ್ಲಿ ಆಫೀಸಿನವನು, ಆಫೀಸಿನಲ್ಲಿ ಹಟ್ಟಿಯವನು. ನೋಡುವಾಗ ಮಾತ್ರ ಅವನು ಯಾರೂ ಅಲ್ಲ; ಆ ಎರಡು ಗಾಜಿನ ಹಿಂದೆ ಮೈಲಾರೇಶನೇ ಇರುತ್ತಿರಲಿಲ್ಲ. ಎಂಥಾ ಸುಖ ಅದು! ಟಿಟ್ಟಿಭವೊಂದು ಕುರಿ ಮಂದೆಯೆದುರು ರೆಕ್ಕೆ ಬಿಚ್ಚಿ ಎದೆ ಕೊಟ್ಟು ನಿಂತು, ಅರವತ್ತು ಕುರಿಗಳನ್ನು ತನ್ನ ನಾಲ್ಕು ಮೊಟ್ಟೆಗಳಿಂದ ಆಚೀಚೆ ಸೀಳಿ ಕಳಿಸಿದ್ದನ್ನು ಅವನು ಕಂಡಿದ್ದ. ಬಿಳಿಜೋಳದ ತೆನೆ ಹಾಲುಗಟ್ಟುವ ಕಾಲಕ್ಕೆ ಗುಲಾಬಿ ಮೈಯ ಕಬ್ಬಕ್ಕಿಗಳು ಸಾವಿರಗಟ್ಟಲೆ ಬಂದು, ಹಾರುವಾಗ ಒಂದೇ ಕಂಬಳಿಯಂತೆ ಮಡಿಚಿ ಬಿಚ್ಚಿಕೊಂಡದ್ದನ್ನು ಕಂಡಿದ್ದ. ಆ ದಿನ ಅಣ್ಣ ಕವಣೆ ಬೀಸುತ್ತ, ಖಾಲಿ ಡಬ್ಬ ಬಡಿಯುತ್ತ, ಹಾ ಹೋ ಎಂದು ಗಂಟಲು ಹರಿದುಕೊಂಡು ಓಡಾಡುತ್ತಿದ್ದ. ಇವನ ಕೈಯಲ್ಲೂ ಒಂದು ಡಬ್ಬ ಇತ್ತು. ಬಡಿದನೋ ಇಲ್ಲವೋ ಈಗ ನೆನಪಿಲ್ಲ.

ಹಳ್ಳದ ಆಚೆ ದಂಡೆಯಲ್ಲಿ, ಜಾಲಿ ಪೊದೆಯ ಬುಡದಲ್ಲಿ ಮಣ್ಣು ಕುಸಿದು ಆದ ಗವಿಯಲ್ಲಿ ತೋಳ ಮರಿ ಹಾಕಿದ್ದು ಅವನಿಗೆ ಗೊತ್ತಾಗಿ ಐದು ವಾರವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಏನಾಗುತ್ತದೆಂದು ಗೊತ್ತಿತ್ತು. ಪಕ್ಕದ ಹಟ್ಟಿಯ ದುರುಗಣ್ಣ ಅಂಥ ಕೆಲಸಕ್ಕೆ ಹೆಸರಾದವನು. ಗವಿಯ ಬಾಯಿಗೆ ಹುಲ್ಲು ತುರುಕಿ, ಒಣಮೆಣಸಿನಕಾಯಿ ಸುರಿದು ಬೆಂಕಿ ಕೊಡುತ್ತಿದ್ದ, ಒಳಗಿದ್ದದ್ದು ಒಳಗೇ. ಅವರ ಮನೆಯಲ್ಲಿ ಕುರಿ ಕೇಳುವಂತೆ ತೋಳ ಎಂಬ ಮಾತು ಕೂಡ ಆಡುತ್ತಿರಲಿಲ್ಲ, ಹೊರಗಿನವ ಅನ್ನುತ್ತಿದ್ದರು. ಹೆಸರು ಹಿಡಿದರೆ ಕರೆದಂತೆ ಎಂದು ಅವ್ವ ಮೈಲಮ್ಮನ ನಂಬಿಕೆ. ಮೈಲಾರೇಶ ಈಚೆ ದಂಡೆಯ ಬಂಡೆಯ ಹಿಂದೆ ಹೊಟ್ಟೆಯ ಮೇಲೆ ಮಲಗಿ ಐದು ಭಾನುವಾರ ನೋಡಿದ್ದ. ಐದು ಮರಿ. ಯಾರೋ ಎಸೆದ ನೀಲಿ ಪ್ಲಾಸ್ಟಿಕ್ ಚಪ್ಪಲಿಯೊಂದಕ್ಕೆ ಅವು ಮಾಡುತ್ತಿದ್ದ ಯುದ್ಧ! ತಾಯಿ ಬಂದು ಬಾಯಿಂದ ಮಾಂಸ ಕಾರಿ ಉಣಿಸುವಾಗ ಅವನು ಉಸಿರನ್ನೂ ಅಳೆದು ಬಿಡುತ್ತಿದ್ದ. ದೊಡ್ಡದೊಂದು ನನಗೊಬ್ಬನಿಗೇ ಸಿಕ್ಕಿದೆ, ಇದು ನನ್ನದು ಎಂಬ ಹೆಮ್ಮೆಯೂ ಅದರಲ್ಲಿತ್ತು, ಸುಳ್ಳು ಯಾಕೆ ಹೇಳಬೇಕು.

ಭಾನುವಾರ ಉಚ್ಚಂಗೆಪ್ಪ ಹಗರಿಬೊಮ್ಮನಹಳ್ಳಿಗೆ ಬೀಗರ ಮನೆಯ ಕಾರ್ಯಕ್ಕೆ ಹೋಗಬೇಕಿತ್ತು. "ಮಧ್ಯಾಹ್ನಕ್ಕ ಬಂದುಬಿಡ್ತೀನಿ. ಮೆಕ್ಕಿಜೋಳದ ಕೂಳ್ಯಾಗ ಮೇಯ್ಲಿ ಬಿಡು. ಜ್ವಾಳದ ಕಡಿ ಬಿಡಬ್ಯಾಡ. ಮತ್ತ ಕೂಗ್ತಿರು ತಮ್ಮಾ, ಸುಮ್ನ ನಿಂದ್ರಬ್ಯಾಡ. ಕಾಯಾವನ ಕೂಗು ನಿಂತ್ರ ಕುರಿಗೂ ಗೊತ್ತಾಕ್ಕೈತಿ, ಕದಿಯಾಕ ಬಂದಾವಗೂ ಗೊತ್ತಾಕ್ಕೈತಿ" ಎಂದು ಕೋಲು ಕೈಗಿತ್ತು ಹೋಗಿದ್ದ. ಮೈಲಾರೇಶ ಕೂಗಿದ. ಮೊದಮೊದಲು ನಾಚಿಕೊಂಡು, ಆಮೇಲೆ ಗಟ್ಟಿಯಾಗಿ, ಹೋ ಹೊಯ್ ಎಂದು. ಒಂಬತ್ತರ ಬಿಸಿಲು. ಕುರಿಗಳ ಬೆನ್ನ ಮೇಲೆ ಕಾಜಾಣ ಕೂತಿದ್ದವು. ಹುಲ್ಲಿನಿಂದ ಎದ್ದ ಹುಳವನ್ನು ಹಿಡಿದು ತಿರುಗಿ ಅದೇ ಬೆನ್ನಿಗೇ ಬಂದು ಕೂರುತ್ತಿದ್ದವು. ಅಷ್ಟರಲ್ಲಿ ಹೊಲದ ಆ ತುದಿಯಲ್ಲಿ ನೆಲಗುಬ್ಬಿಗಳು ಒಮ್ಮೆಲೇ ಎದ್ದವು, ಟಿಟ್ಟಿಭ ಬಡಕೊಂಡಿತು. ದುರ್ಬೀನು ತಾನಾಗಿ ಕಣ್ಣಿಗೆ ಬಂತು. ಬದುವಿನ ಮೇಲೆ, ಸಂತೆಗೆ ಹೊರಟವನಂತೆ ಯಾವ ಅವಸರವೂ ಇಲ್ಲದೆ, ಗಂಡು ತೋಳ ನಡೆದು ಹೋಗುತ್ತಿತ್ತು. ಕೆಂಚ ಬೊಗಳುತ್ತ ಹಾರಿತು. ತೋಳ ಒಂದಿಷ್ಟು ಓಡಿ, ಒಂದಿಷ್ಟು ಕುಂಟಿ, ನಾಯಿ ಹತ್ತಿರವಾಯಿತೆನ್ನುವಾಗ ಮತ್ತೆ ಓಡಿ, ದಿಬ್ಬದ ಆಚೆಗೆ ಅದನ್ನು ಎಳೆದುಕೊಂಡು ಹೋಯಿತು. ಮೋಸ, ಎಂದು ಮೈಲಾರೇಶನಿಗೆ ಆ ಕ್ಷಣವೇ ಹೊಳೆಯಿತು. ಕೂಗಬೇಕು ಎಂದು ಬಾಯಿ ತೆರೆದ. ಆಗ, ಗಾಳಿಯೇ ಇಲ್ಲದಿದ್ದರೂ, ಎಡಗಡೆಯ ಜೋಳದ ದಂಟು ಅಲುಗಿತು.

ಆಮೇಲೆ ನಡೆದದ್ದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಅವನು ಎರಡು ದಿನದಿಂದ ಲೆಕ್ಕ ಹಾಕುತ್ತಿದ್ದಾನೆ, ಸಿಕ್ಕಿಲ್ಲ. ಹೆಣ್ಣು ತೋಳ ಹೊಟ್ಟೆ ನೆಲಕ್ಕೆ ತಾಗಿಸಿ ಹೊರಬಂತು. ಮೊಲೆಗಳು ಜೋತಿದ್ದವು, ಪಕ್ಕೆಲುಬು ಎಣಿಸಬಹುದಿತ್ತು. ಕುರಿಗಳು ಒಮ್ಮೆಲೇ ತಲೆ ಎತ್ತಿ, ಒಂದೇ ಮೈಯಾಗಿ ಮುದ್ದೆಗಟ್ಟಿ, ಬಲಕ್ಕೆ ತಿರುಗಿದವು. ಅದು ಅವುಗಳ ಹಿಂದೆ ಓಡಲಿಲ್ಲ. ಅವು ಹೋಗಿ ಮುಟ್ಟಬೇಕಾದ ಜಾಗಕ್ಕೆ ಓಡಿತು. ಎಲ್ಲಿ ಬಿರುಕು ಬೀಳುತ್ತದೆ, ಯಾವುದು ಕಡೆಗೆ ಉಳಿಯುತ್ತದೆ ಎಂದು ಮೊದಲೇ ಗೊತ್ತಿದ್ದ ಹಾಗೆ. ಕಡೆಗೆ ಉಳಿದದ್ದು ಬಿಳಿಕಿವಿ. ತಾಯಿ ಸತ್ತ ಮರಿಯೆಂದು ಅಣ್ಣ ಬಾಟಲಿ ಹಾಲು ಕುಡಿಸಿ, ಚಳಿಗೆ ತನ್ನ ಕಂಬಳಿಯೊಳಗೆ ಇಟ್ಟುಕೊಂಡು ಬೆಳೆಸಿದ ಕುರಿ, ಈಗ ಚೊಚ್ಚಲ ಗಬ್ಬ. ತೋಳ ಗಂಟಲು ಹಿಡಿಯಿತು. ಸದ್ದೇ ಇಲ್ಲ. ಬಿಳಿಕಿವಿ ಬ್ಯಾ ಅನ್ನಲಿಲ್ಲ, ಒದ್ದಾಡಲಿಲ್ಲ, ಯಾರೋ ಮಲಗಿಸಿದಂತೆ ಮೆಲ್ಲಗೆ ಮಲಗಿತು. ಕಾಜಾಣವೊಂದು ಅದರ ಬೆನ್ನಿನಿಂದ ಎದ್ದು ಪಕ್ಕದ ಕುರಿಯ ಬೆನ್ನಿಗೆ ಹೋಗಿ ಕೂತಿತು. ಇಡೀ ಹೊಲ, ದಿಬ್ಬ, ಬಿಸಿಲು ಎಲ್ಲ ಆ ಒಂದು ಹಿಡಿತದಲ್ಲಿ ನಿಂತಿದ್ದವು. ತೋಳ ತಲೆ ಎತ್ತಿ ಮೈಲಾರೇಶನನ್ನು ನೋಡಿತು. ನಲವತ್ತು ಹೆಜ್ಜೆ. ದುರ್ಬೀನು ಬೇಕಾಗಿರಲಿಲ್ಲ. ಹಳದಿ ಕಣ್ಣು, ಅದರಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿರಲಿಲ್ಲ, ಅವನು ಆಫೀಸಿನವನೋ ಹಟ್ಟಿಯವನೋ ಎಂಬ ವಿಚಾರಣೆಯಿರಲಿಲ್ಲ. ಹುಟ್ಟಿದಾರಭ್ಯ ಅವನನ್ನು ಯಾರೂ ಅಷ್ಟು ಪೂರಾ ನೋಡಿರಲಿಲ್ಲ. ಕೈಯಲ್ಲಿ ಕೋಲಿತ್ತು, ಕಾಲ ಬುಡದಲ್ಲಿ ಬೇಕಾದಷ್ಟು ಕಲ್ಲಿತ್ತು, ಬಾಯಿ ತೆರೆದೇ ಇತ್ತು. ಹೆದರಿಕೆಯಲ್ಲ. ಹೆದರಿಕೆ ಏನೆಂದು ಅವನಿಗೆ ಗೊತ್ತು, ಪ್ರಿನ್ಸಿಪಾಲರ ಕೋಣೆಯ ಬಾಗಿಲಲ್ಲಿ ದಿನಾ ಅನುಭವಿಸುತ್ತಾನೆ. ಇದು ಗರ್ಭಗುಡಿಯ ಪರದೆ ಸರಿದಾಗ ಕೈ ಮುಗಿಯುವುದೂ ಮರೆತುಹೋಗುತ್ತದಲ್ಲ, ಅದು. ಕೂಗಿದರೆ ಇದು ಮುಗಿದುಹೋಗುತ್ತದೆ ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದು ಚೆನ್ನಾಗಿ ನೆನಪಿದೆ. ಮುಗಿಯಬಾರದು ಅಂದುಕೊಂಡ. ತೋಳ ಬಿಳಿಕಿವಿಯನ್ನು ಎಳೆದುಕೊಂಡು, ನಡುನಡುವೆ ನಿಂತು ಅವನನ್ನು ನೋಡುತ್ತ, ಹಳ್ಳಕ್ಕೆ ಇಳಿಯಿತು.

ಎಷ್ಟೋ ಹೊತ್ತಿನ ಮೇಲೆ ಕೆಂಚ ನಾಲಿಗೆ ಇಳಿಬಿಟ್ಟುಕೊಂಡು ಬಂದು, ನೆಲ ಮೂಸಿ, ಹಳ್ಳಕ್ಕೆ ಇಳಿಯಿತು. ಮರಳಿ ಬಂದಾಗ ಮೂತಿಯೆಲ್ಲ ನೆತ್ತರು. ಉಳಿದದ್ದನ್ನು ನೆಕ್ಕಿತ್ತೋ, ಎಬ್ಬಿಸಲು ಹೋಗಿತ್ತೋ, ಆ ದೇವರಿಗೇ ಗೊತ್ತು. ಮಧ್ಯಾಹ್ನ ಉಚ್ಚಂಗೆಪ್ಪ ಬಂದು ಕುರಿಗಳನ್ನು ಒಮ್ಮೆ ನೋಡಿದ. ಅವನು ಎಣಿಸುವುದಿಲ್ಲ, ಸುಮ್ಮನೆ ನೋಡುತ್ತಾನೆ. "ಬಿಳಿಕಿವಿ ಎಲ್ಲಿ?" ಎಂದ. "ನಾಯಿ ಇರಬೇಕಣ್ಣಾ. ನಾ ಆ ಕಡಿ ಇದ್ದೆ, ಕಾಣಲಿಲ್ಲ" ಎಂದ ಮೈಲಾರೇಶ. ಊರ ಬೀದಿನಾಯಿಗಳ ಮೇಲೆ ಹೋಗಲಿ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಹೇಳಿದ ಮಾತು. ತೋಳ ಎಂದಿದ್ದರೆ ಗವಿಯ ಬಾಯಿಗೆ ಬೆಂಕಿ. ಅದನ್ನು ತಪ್ಪಿಸಲು ಸುಳ್ಳು ಹೇಳಿದೆ ಎಂದು ಆಮೇಲೆ ತನಗೇ ಸಮಾಧಾನ ಹೇಳಿಕೊಂಡ. ಪೂರಾ ನಿಜವಲ್ಲ. ತಾನು ನಿಂತು ನೋಡಿದ್ದು ಅಣ್ಣನಿಗೆ ಗೊತ್ತಾಗಬಾರದು, ಅದು ನಿಜ. ಉಚ್ಚಂಗೆಪ್ಪ ಹಳ್ಳಕ್ಕೆ ಇಳಿದು, ಬಹಳ ಹೊತ್ತು ಅಲ್ಲೇ ಇದ್ದು, ಮೇಲೆ ಬಂದ. ತಮ್ಮನ ಮುಖ ನೋಡಿದ. ಕೆಂಚನ ಮೂತಿ ನೋಡಿದ. "ನಾಯಿ ಅಂತೀಯಾ?" ಎಂದು ಕೇಳಿದ. "ಹೂಂ." ಉಚ್ಚಂಗೆಪ್ಪ ತಲೆಯ ರುಮಾಲು ಬಿಚ್ಚಿ ಕೆಂಚನ ಕೊರಳಿಗೆ ಸುತ್ತಿ, ಜಾಲಿಮರಕ್ಕೆ ಕಟ್ಟಿದ. ಕೆಂಚ ಆಟವೆಂದುಕೊಂಡು ಬಾಲ ಅಲ್ಲಾಡಿಸಿತು.

ಈಗಲೂ ಅದೇ ಮರಕ್ಕೆ ಕಟ್ಟಿತ್ತು, ರುಮಾಲಿನ ಬದಲು ಹಗ್ಗ. ಮೈಲಾರೇಶನನ್ನು ಕಂಡು ಎದ್ದು ಕುಣಿಯಿತು. ಅದರ ಮುಂದಿನ ಸಿಲಾವರದ ತಟ್ಟೆಯಲ್ಲಿ ಹಾಲು ಕಲಸಿದ ರೊಟ್ಟಿ ಅರ್ಧ ಉಳಿದಿತ್ತು. ಕಡೆಯ ಊಟ ಅಂದುಕೊಂಡ. ಪಕ್ಕದಲ್ಲೇ ಹಗ್ಗ ಸುತ್ತಿದ ಕಲ್ಲು, ಒಬ್ಬ ಎತ್ತುವಷ್ಟು ದೊಡ್ಡದು. ಬೇವಿನ ಬುಡದಲ್ಲಿ ಮೂರು ಕಲ್ಲಿನ ಒಲೆ ಹೂಡಿದ್ದ ಅವ್ವ ಹೊಗೆಯಿಂದ ಮುಖ ತಿರುಗಿಸಿ, "ಬಂದೇನಪ್ಪಾ? ಚಾ ಐತಿ ಕುಡಿ. ನಿಮ್ಮಣ್ಣಗ ಏನಾಗೈತೋ, ಭಾನುವಾರದಿಂದ ಮಾತಿಲ್ಲ ಕತಿಲ್ಲ. ನೀನಾರ ಮಾತಾಡ್ಸು" ಎಂದಳು. ಉಚ್ಚಂಗೆಪ್ಪ ಕುರಿಯೊಂದನ್ನು ಮೊಣಕಾಲ ಸಂದಿಯಲ್ಲಿ ಹಿಡಿದು ತುಪ್ಪಟದಿಂದ ಉತ್ತರಾಣಿ ಮುಳ್ಳು ಆರಿಸುತ್ತಿದ್ದ. ತಲೆ ಎತ್ತದೆ, "ಕಲ್ಲು ನೀ ಹೊತ್ಕ. ನಾಯಿ ನಾ ಹಿಡ್ಕಂತೀನಿ" ಎಂದ.

ಹಾಳುಬಾವಿ ಹೊಲದ ಮೂಲೆಯಲ್ಲಿ, ನೂರು ಹೆಜ್ಜೆ ದೂರ. ಕಲ್ಲು ಹೆಗಲೇರಿದ ಮೇಲೆ ಮೈಲಾರೇಶನಿಗೆ ಉಸಿರು ಸಾಲಲಿಲ್ಲ. ಇಲ್ಲೇ ಹೇಳಬೇಕು, ಆ ಬದು ದಾಟುವಷ್ಟರಲ್ಲಿ, ಆ ಕಳ್ಳಿ ಬರುವಷ್ಟರಲ್ಲಿ, ಎಂದು ಒಂದೊಂದೇ ಗುರುತು ಇಟ್ಟುಕೊಂಡ. ಎಲ್ಲವೂ ಬಂದವು, ಹೋದವು. ಮುಂದೆ ಅಣ್ಣನ ಒಡೆದ ಹಿಮ್ಮಡಿ, ಅದರ ಪಕ್ಕ ಕೆಂಚನ ನಾಲ್ಕು ಹೆಜ್ಜೆ. ಬಾವಿಯ ಮೇಲೆ ಬಾಗಿದ ಕೊಂಬೆಗೆ ಗೀಜುಗದ ಹಳೆಯ ಗೂಡುಗಳು ತೂಗುತ್ತಿದ್ದವು, ಹನ್ನೊಂದು. ಇಂಥ ಹೊತ್ತಲ್ಲೂ ಎಣಿಸಿದೆನಲ್ಲ ಎಂದು ತನ್ನ ಮೇಲೆ ತನಗೇ ಅಸಹ್ಯವಾಯಿತು. ಉಚ್ಚಂಗೆಪ್ಪ ಬಾವಿಯ ಕಟ್ಟೆಗೆ ಕಾಲು ಕೊಟ್ಟು ನಿಂತು ಕೈ ಚಾಚಿದ. "ತಾ ಇಲ್ಲಿ." ಕೆಂಚ ಬಾವಿಯೊಳಗೆ ಇಣುಕಿ ನೋಡಿ, ತಿರುಗಿ, ಇಬ್ಬರ ಮುಖವನ್ನೂ ನೋಡಿತು.

"ಕೆಂಚ ಅಲ್ಲಣ್ಣಾ."

"ಯಾರು ಮತ್ತ?"

"ಹೊರಗಿನವ." ಪುಸ್ತಕದ ಮಾತು ಬರಲಿಲ್ಲ, ಅವ್ವನ ಮಾತೇ ನಾಲಿಗೆಗೆ ಬಂತು. "ನಾ ಅಲ್ಲೇ ಇದ್ನಿ. ನಲವತ್ತು ಹೆಜ್ಜಿ. ನೋಡ್ಕಂತ ನಿಂತ್ಬಿಟ್ಟೆ. ಕೂಗಲಿಲ್ಲ. ಹೆದರಿ ಅಲ್ಲಣ್ಣಾ, ಆಣಿ ಮಾಡಿ ಹೇಳ್ತೀನಿ, ಹೆದರಿ ಅಲ್ಲ. ನೋಡಾಕತ್ತೆ, ಅಷ್ಟ." ಅಷ್ಟು ಹೇಳಿದ ಮೇಲೆ ಕಲ್ಲು ಕೆಳಗಿಟ್ಟು, ಅದರ ಮೇಲೇ ಕೂತುಬಿಟ್ಟ. ಅಳು ಬಂತು. ನಲವತ್ತು ದಾಟಿದ ಗಂಡಸು, ಸರ್ಕಾರದ ಸಂಬಳ ಉಣ್ಣುವವನು, ಅಣ್ಣನ ಮುಂದೆ ಮೂಗು ಸುರಿಸಿಕೊಂಡು ಅತ್ತ.

ಉಚ್ಚಂಗೆಪ್ಪ "ಏಳು, ಕಲ್ಲಿನ ಮ್ಯಾಲಿಂದ" ಎಂದು ತಮ್ಮನನ್ನು ಎಬ್ಬಿಸಿ, ಕಲ್ಲನ್ನು ಒಂದೇ ಕೈಯಲ್ಲಿ ಬಾವಿಗೆ ತಳ್ಳಿದ. ಬಹಳ ಹೊತ್ತಿನ ಮೇಲೆ ಸದ್ದು ಬಂತು. ಸದ್ದಿನ ಬೆನ್ನಿಗೆ ಕಾಡುಪಾರಿವಾಳಗಳು ದಡಬಡ ಎಂದು ಬಾವಿಯಿಂದ ಹೊರಬಿದ್ದು ಇಬ್ಬರ ತಲೆಯ ಮೇಲೆ ಸುತ್ತಿದವು. ಕೆಂಚನ ಹಗ್ಗ ಬಿಚ್ಚಿದ. ಅದು ಇಬ್ಬರನ್ನೂ ಬಿಟ್ಟು ಸೀದಾ ಕುರಿಗಳ ಕಡೆ ಓಡಿತು.

"ನನಗ ಗೊತ್ತಿತ್ತಲೇ."

"ಏನು?"

"ಕುತ್ತಿಗಿ ನೋಡಿದ್ನಲ್ಲ ಹಳ್ಳದಾಗ. ನಾಯಿ ಆದ್ರ ಹಿಂದಿನ ತೊಡಿಗೆ ಬಾಯಿ ಹಾಕ್ತಾವ, ಹೊಟ್ಟಿ ಹರೀತಾವ. ಇದು ಗಂಟ್ಲಕ್ಕ ಹಲ್ಲು ಊರೈತಿ. ಮೂವತ್ತು ವರ್ಷ ಕುರಿ ಕಾದಾವಗ ಅಷ್ಟೂ ತಿಳಿಯಂಗಿಲ್ಲೇನು?" ಉಚ್ಚಂಗೆಪ್ಪ ಬಾವಿಯ ಕಟ್ಟೆಯ ಮೇಲೆ ಕೂತ. "ನಾಯಿ ಅಂದ್ಯಲ್ಲ, ನನ್ನ ಮಾರಿ ನೋಡ್ಕಂತ. ಅದಕ್ಕ ಕಟ್ಟಿ ಹಾಕಿದ್ನಿ. ನಿನ್ನ ಬಾಯಿಲಿಂದ ಬರ್ಲಿ ಅಂತ."

"ಬರದಿದ್ರ? ಕೆಂಚನ್ನ ಹಾಕ್ತಿದ್ದೇನು?"

"ಅದ್ಯಾಕ ಹಾಕ್ಲಿ? ನಿನ್ನ ಕೂಡ ಮಾತು ಬಿಡ್ತಿದ್ನಿ."

ಮೈಲಾರೇಶನಿಗೆ ಗವಿಯ ನೆನಪಾಯಿತು. "ಅಣ್ಣಾ, ಹಳ್ಳದ ಆ ದಂಡ್ಯಾಗ ಮರಿ ಅದಾವ. ದುರುಗಣ್ಣಗ ಹೇಳಬ್ಯಾಡ."

"ಐದು ಅದಾವ. ಹ್ವಾದ ವರ್ಷ ಮೂರಿದ್ವು" ಎಂದ ಉಚ್ಚಂಗೆಪ್ಪ. "ನಾಕು ವರ್ಷಾತು, ಅಲ್ಲೇ ಹಾಕ್ತಾವ. ವರ್ಷಕ್ಕ ಒಂದೋ ಎರಡೋ ನಮ್ಮವು ಒಯ್ತಾವ. ಹಂದಿ ಮರೀನೂ ಹಿಡೀತಾವ, ಅದರಿಂದ ಶೇಂಗಾ ಉಳೀತೈತಿ. ದುರುಗಣ್ಣ ಎರಡು ಸಲ ಕೇಳ್ದ, ಹಳ್ಳದಾಗ ಏನಾರ ಐತೇನು ಅಂತ. ಏನೂ ಇಲ್ಲಪ್ಪ ಅಂದೆ." ಮೈಲಾರೇಶ ಅಣ್ಣನ ಮುಖವನ್ನು ಹೊಸದಾಗಿ ನೋಡಿದ. ಬಂಡೆಯ ಹಿಂದೆ ಹೊಟ್ಟೆಯ ಮೇಲೆ ಮಲಗಿ, ಇದು ನನಗೊಬ್ಬನಿಗೇ ಸಿಕ್ಕಿದ್ದು ಎಂದು ಬೀಗಿದ್ದ ಐದು ಭಾನುವಾರಗಳು ಒಂದೊಂದಾಗಿ ನೆನಪಾದವು. ತಾನು ಬರುವುದನ್ನು, ಮಲಗುವುದನ್ನು, ಮೈಗೆ ಮಣ್ಣು ಹತ್ತಿಸಿಕೊಂಡು ಏಳುವುದನ್ನು ಅಣ್ಣ ಈಚೆಯಿಂದ ನೋಡುತ್ತಿದ್ದಿರಬೇಕು, ಕುರಿಗೆ ಕೂಗು ಹಾಕುತ್ತ. ದುರ್ಬೀನಿಲ್ಲದೆ. ನಾಚಿಕೆಗಿಂತ ದೊಡ್ಡದೊಂದು ಎದೆಯಲ್ಲಿ ಎದ್ದಿತು. ತೋಳನೆದುರು ನಿಂತಾಗ ಆದದ್ದೇ ಈ ಒಡೆದ ಹಿಮ್ಮಡಿಯವನ ಎದುರೂ ಆಯಿತು.

"ಹೆಂಗ ಹಿಡೀತು?" ಎಂದು ಕೇಳಿದ ಉಚ್ಚಂಗೆಪ್ಪ.

"ಹಾಂ?"

"ಹೇಳಲೇ. ಮೂವತ್ತು ವರ್ಷದಾಗ ಒಂದ್ ದಪನೂ ನಾ ಕಣ್ಣಿಲೆ ಕಂಡಿಲ್ಲ. ಒಯ್ದ ಮ್ಯಾಲೆ ಕಂಡೀನಿ, ಬರಾದು ಕಂಡೀನಿ. ಹಿಡಿಯಾದು ಕಂಡಿಲ್ಲ. ಜ್ವಾಳ ಅಲುಗ್ತಂದ್ರ ಕೂಗಿಬಿಡ್ತೀನಿ ನಾನು. ಕೂಗಿದ್ರ ಇನ್ನೇನೈತಿ ನೋಡಾಕ?"

ಮೈಲಾರೇಶ ಹೇಳಿದ. ಮೊದಲು ತಡವರಿಸಿದ, ಆಮೇಲೆ ಎದ್ದು ನಿಂತು ಹೇಳಿದ. ಗಂಡು ತೋಳದ ಕುಂಟು ನಡೆ, ಮುದ್ದೆಗಟ್ಟಿದ ಕುರಿಗಳು, ಅವು ಮುಟ್ಟುವ ಮೊದಲೇ ಆ ಜಾಗಕ್ಕೆ ಹೋಗಿ ನಿಂತ ತಾಯಿ, ಬಿಳಿಕಿವಿ ಮೆಲ್ಲಗೆ ಮಲಗಿದ್ದು, ಎದ್ದು ಹೋಗಿ ಬೇರೆ ಬೆನ್ನಿಗೆ ಕೂತ ಕಾಜಾಣ, ಆ ಕಣ್ಣು. ಉಚ್ಚಂಗೆಪ್ಪ ಬಿಳಿಕಿವಿಯ ಮಾತು ಬಂದಾಗ ಒಮ್ಮೆ ಕಣ್ಣು ಒರೆಸಿಕೊಂಡ, ಮುಂದೆ ಹೇಳು ಎಂದು ಕೈ ಮಾಡಿದ. ಎಲ್ಲ ಮುಗಿದ ಮೇಲೆ ದೀರ್ಘವಾಗಿ ಉಸಿರು ಬಿಟ್ಟು, "ಯಪ್ಪಾ" ಎಂದ. ಎರಡು ದಿನದಿಂದ ಎದೆಯಲ್ಲಿ ಕಟ್ಟಿಕೊಂಡಿದ್ದದ್ದು ಸಡಿಲಿ ಮೈಲಾರೇಶನಿಗೆ ನಗು ಬಂದಂತಾಯಿತು. ಅಣ್ಣನೂ ನೋಡಿದ ಹಾಗಾಯಿತಲ್ಲ ಎಂದು ಹಿಗ್ಗಿದ.

"ಕಣ್ಣು ಚಲೋ ಅದಾವ ನಿನ್ನವು" ಎಂದ ಉಚ್ಚಂಗೆಪ್ಪ, ಕಟ್ಟೆಯಿಂದ ಎದ್ದು ಪಂಚೆ ಕೊಡವಿಕೊಳ್ಳುತ್ತ. "ಆದ್ರ ಕುರಿ ಇನ್ನ ನಿನ್ನ ಕೈಗೆ ಕೊಡಂಗಿಲ್ಲ. ತಿಳೀತಲ್ಲ?"

"ತಿಳೀತು" ಎಂದ ಮೈಲಾರೇಶ. ಅದು ಸರಿಯಾದ ಮಾತು ಎಂದೂ ತಿಳಿದಿತ್ತು.

ಉಚ್ಚಂಗೆಪ್ಪ ಹಟ್ಟಿಯ ಕಡೆ ಹತ್ತು ಹೆಜ್ಜೆ ಹೋದವನು ನಿಂತ. ತಿರುಗಿದ. ತಲೆಯಲ್ಲಿ ಏನನ್ನೋ ಜೋಡಿಸಿಕೊಳ್ಳುತ್ತಿರುವವನಂತೆ ನೆಲ ನೋಡುತ್ತ ಕೇಳಿದ: "ನಿನ್ನ ನೋಡ್ತು ಅಂದ್ಯಲ್ಲ, ಆವಾಗ ಬಾಲ ಹೆಂಗಿತ್ತು? ಮ್ಯಾಲಿತ್ತೋ, ಕೆಳಗೋ?"

ಮೈಲಾರೇಶ ಕಣ್ಣು ಮುಚ್ಚಿದ. ಎಲ್ಲ ಅಲ್ಲೇ ಇತ್ತು, ಒಂದು ಕೂದಲೂ ಅಳಿಸದೆ. "ಕೆಳಗಣ್ಣಾ. ಕಾಲ ಸಂದ್ಯಾಗ ಸಿಗಸ್ಕಂಡಿತ್ತು, ಹೊಟ್ಟಿಗೆ ತಾಗಿತ್ತು."

"ಹಂಗಾರ ಹೆದರಿತ್ತದು" ಎಂದ ಉಚ್ಚಂಗೆಪ್ಪ. "ನಿನಗ ಹೆದರಿತ್ತಲೇ. ಒಂದ್ ಕೂಗು ಸಾಕಿತ್ತು, ಬಿಟ್ಟು ಓಡ್ತಿತ್ತು."

ಬೈಯುವ ದನಿಯಲ್ಲ ಅದು. ಈ ಸಲ ಕಡಲೆಗೆ ಇಬ್ಬನಿ ಚೆನ್ನಾಗಿ ಬಿತ್ತು ಎನ್ನುವ ದನಿ. ಹೇಳಿ, ಹೋ ಹೊಯ್ ಎಂದು ಕೂಗುತ್ತ, ಅವನು ಕುರಿ ಬಿಡಲು ಹೋದ.